ಬೈಕಿನ ಕರೆಂಟಿನಲ್ಲಿ ಮೀನು ತಣ್ಣಗಿಡಬಹುದೇ?

ಪ್ರಶ್ನೆ: ನಾನು ಕುಮಟಾದವನು. ಬೆಳಿಗ್ಗೆ ತದಡಿ ಬಂದರಿನಲ್ಲಿ ಮೀನು ತಗೊಂಡು, 125 ಸಿಸಿ ಬೈಕಿನಲ್ಲಿ ದೇವಿಮನೆ ಘಟ್ಟ ಹತ್ತಿ, ಶಿರಸಿ ಸುತ್ತಮುತ್ತಲ ಹಳ್ಳಿಗಳಲ್ಲಿ ಮಾರುತ್ತೇನೆ. ದಿನಕ್ಕೆ 15 ಕೆಜಿ ಆಸುಪಾಸು. ಜಾಸ್ತಿ ಬಂಗಡೆ, ತಾರ್ಲೆ. ಐಸಿನ ಖರ್ಚು, ನೀರು ಸೋರುವ ರಗಳೆ ಎರಡೂ ಬೇಡ ಅಂತ 25 ಲೀಟರಿನ 12 ವೋಲ್ಟ್ ಕೂಲರ್ ಬಾಕ್ಸ್ ತಗೊಂಡೆ. ಮೊಸಳೆ ಕ್ಲಿಪ್ ಹಾಕಿ ನೇರ ಬ್ಯಾಟರಿಗೆ ಕೊಟ್ಟೆ. ಎರಡು ಸಲ ಬ್ಯಾಟರಿ ಕೂತು ಹೋಯಿತು. ಒಮ್ಮೆ ವೈರ್ ಸುಟ್ಟ ವಾಸನೆ ಬಂತು. ದೊಡ್ಡ ಬ್ಯಾಟರಿ ಹಾಕಿದರೆ ಸರಿಹೋಗುತ್ತದೆಯೇ? ವೈರಿಂಗ್ ಹೇಗೆ ಮಾಡಬೇಕು? ತಗೊಂಡ ಡಬ್ಬಿಯನ್ನು ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಇವತ್ತೇ ಆ ಕ್ಲಿಪ್ ತೆಗೆದು ಪಕ್ಕಕ್ಕಿಡಿ. ಸುಟ್ಟ ವಾಸನೆ ಬಂದ ಮೇಲೆ ಅದೇ ವೈರಿನಲ್ಲಿ ಇನ್ನೊಂದು ದಿನವೂ ಓಡಿಸಬೇಡಿ. ಅದರ ಹತ್ತಿರವೇ ಪೆಟ್ರೋಲ್ ಟ್ಯಾಂಕ್ ಇದೆ.

ನೀವು ಕೇಳಿದ್ದರಲ್ಲಿ ಎರಡು ವಿಷಯ ಸೇರಿಕೊಂಡಿವೆ. ಬೈಕಿನಿಂದ ಕೂಲರ್ ಬಾಕ್ಸ್ ಓಡಿಸಬಹುದೇ ಅನ್ನುವುದು ಒಂದು. ಓಡಿದರೆ ಮೀನು ತಣಿಯುತ್ತದೆಯೇ ಅನ್ನುವುದು ಇನ್ನೊಂದು. ಮೊದಲನೆಯದು ಬೈಕ್ ನೋಡಿಕೊಂಡು ಮಾಡಬಹುದಾದ ಕೆಲಸ, ಕೆಳಗೆ ಹೇಳುತ್ತೇನೆ. ಎರಡನೆಯದಕ್ಕೆ ನನ್ನ ಉತ್ತರ, ತಣಿಯುವುದಿಲ್ಲ ಅಂತಲೇ. ನಿಮ್ಮ ಡಬ್ಬಿ 15 ಕೆಜಿ ಬಂಗಡೆಯನ್ನು ತಣಿಸುವುದಿಲ್ಲ. ಲಾರಿಯ ಬ್ಯಾಟರಿ ಕೊಟ್ಟರೂ ತಣಿಸುವುದಿಲ್ಲ. ನಾನು ಅಂಕೋಲಾದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಶುರು ಮಾಡುವ ಮುಂಚೆ ಕೆಲವು ವರ್ಷ ಐಸ್ ಫ್ಯಾಕ್ಟರಿಯ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದೆ. ಹಾಗಾಗಿ ಈ ಎರಡು ಕಡೆಯ ಲೆಕ್ಕವೂ ನನಗೆ ಗೊತ್ತು. ಲೆಕ್ಕ ಮುಂದಿಟ್ಟರೆ ನಿಮಗೇ ಗೊತ್ತಾಗುತ್ತದೆ.

ನಿಮ್ಮದು ಪೆಲ್ಟಿಯರ್ ಡಬ್ಬಿ. ಕಂಪ್ರೆಸರ್ ಇಲ್ಲ, ಗ್ಯಾಸ್ ಇಲ್ಲ. ಮುಚ್ಚಳದಲ್ಲೋ ಹಿಂದಿನ ಗೋಡೆಯಲ್ಲೋ 4 ಸೆಂಟಿಮೀಟರ್ ಚೌಕದ, ಬಿಸ್ಕತ್ತಿಗಿಂತ ತೆಳು ಬಿಲ್ಲೆ ಒಂದಿರುತ್ತದೆ. ಕರೆಂಟ್ ಹರಿದಾಗ ಅದರ ಒಂದು ಮುಖ ತಣ್ಣಗೆ, ಇನ್ನೊಂದು ಬಿಸಿ. ಇದನ್ನು ಪೆಲ್ಟಿಯರ್ ಅನ್ನುವ ಫ್ರಾನ್ಸಿನವರು 1834ರಲ್ಲಿ ಕಂಡುಕೊಂಡರು. ಒಳ್ಳೆಯ ತತ್ವವೇ, ಆದರೆ ಕೆಲಸದಲ್ಲಿ ದುಬಾರಿ. ಇಂಥ ಡಬ್ಬಿ 12 ವೋಲ್ಟಿನಲ್ಲಿ ನಾಲ್ಕರಿಂದ ಐದು ಆಂಪಿಯರ್ ಎಳೆಯುತ್ತದೆ. ಅಂದರೆ 50-55 ವ್ಯಾಟ್. ಅದರಲ್ಲಿ ಒಳಗಿನಿಂದ ಹೊರಗೆ ಸಾಗುವ ಬಿಸಿ ಹೆಚ್ಚೆಂದರೆ 20 ವ್ಯಾಟಿನಷ್ಟು. ಹಿಂದಿನ ಫ್ಯಾನು ಬಿಸಿ ಗಾಳಿ ಉಗುಳುತ್ತದೆ ಅಲ್ವಾ, ಅದು ಮೀನಿನ ಬಿಸಿಯಲ್ಲ. ಅದರಲ್ಲಿ ಬಹುಪಾಲು ನಿಮ್ಮ ಬ್ಯಾಟರಿಯದ್ದೇ ಬಿಸಿ.

ಇನ್ನು ಮೀನಿನ ಕಡೆಗೆ ಬನ್ನಿ. ಬಂದರಿನಲ್ಲಿ ಕೈಗೆ ಬರುವಾಗ ಮೀನು 28 ಡಿಗ್ರಿ ಇದೆ ಅಂದುಕೊಳ್ಳಿ. 15 ಕೆಜಿಯನ್ನು 28ರಿಂದ 2 ಡಿಗ್ರಿಗೆ ಇಳಿಸಲು ಅದರಿಂದ ಸುಮಾರು 390 ವ್ಯಾಟ್-ಅವರ್ ಬಿಸಿ ತೆಗೆಯಬೇಕು. 20 ವ್ಯಾಟಿನ ಡಬ್ಬಿಗೆ ಇದು ಇಪ್ಪತ್ತು ಗಂಟೆಯ ಕೆಲಸ. ಅದೂ ಗೋಡೆಯಿಂದ ಒಂದು ಚೂರೂ ಬಿಸಿ ಒಳಗೆ ಬರದಿದ್ದರೆ. ನೀವು ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಮಾರಿ ಮುಗಿಸುವವರು.

ಐಸಿನ ಲೆಕ್ಕ ನೋಡಿ. ಒಂದು ಕೆಜಿ ಐಸ್ ಕರಗಿ ನೀರಾಗುವಾಗ 93 ವ್ಯಾಟ್-ಅವರ್ ಬಿಸಿ ಕುಡಿಯುತ್ತದೆ. ನಿಮ್ಮ ಡಬ್ಬಿ ನಾಲ್ಕೂವರೆ ಗಂಟೆ ಬಿಡದೆ ಓಡಿ ಮಾಡುವ ಕೆಲಸ ಅದು. ಅದೇ 15 ಕೆಜಿ ಮೀನಿಗೆ ನಾಲ್ಕು, ನಾಲ್ಕೂಕಾಲು ಕೆಜಿ ಐಸ್ ಸಾಕು. ಐಸ್ ಅಂದರೆ ಫ್ಯಾಕ್ಟರಿಯ ದೊಡ್ಡ ಮೋಟಾರು ರಾತ್ರಿಯಿಡೀ ಮಾಡಿದ ಕೆಲಸವನ್ನು ಗಟ್ಟಿ ಮಾಡಿ ನಿಮ್ಮ ಕೈಗೆ ಕೊಟ್ಟ ಹಾಗೆ. ಬೈಕಿನಲ್ಲಿ ಕರೆಂಟ್ ಹುಟ್ಟಿಸುವ ಪುಟ್ಟ ಕಾಯಿಲ್ ಅದರ ಜೊತೆ ಪೈಪೋಟಿ ಮಾಡಲಾರದು.

ಪ್ಯಾಕೆಟಿನ ಮೇಲೆ "ಹೊರಗಿನ ತಾಪಮಾನಕ್ಕಿಂತ 15ರಿಂದ 20 ಡಿಗ್ರಿ ಕಡಿಮೆ" ಅಂತ ಬರೆದಿರುತ್ತದೆ. ಸುಳ್ಳಲ್ಲ. ಆದರೆ ಅರ್ಥ ಮಾಡಿಕೊಂಡು ಓದಬೇಕು. ಏಪ್ರಿಲ್ ತಿಂಗಳಲ್ಲಿ ಕುಮಟಾದಲ್ಲಿ 35 ಡಿಗ್ರಿ ಇದ್ದರೆ ಡಬ್ಬಿಯೊಳಗೆ 15ರಿಂದ 20. ಅದೂ ಖಾಲಿ ಡಬ್ಬಿ, ನೆರಳು, ಹಲವು ಗಂಟೆ. ಒಳಗೆ ತಣ್ಣಗಾದಷ್ಟೂ ಗೋಡೆಯಿಂದ ಬಿಸಿ ಜಾಸ್ತಿ ನುಗ್ಗುತ್ತದೆ. ಒಂದು ಹಂತದಲ್ಲಿ ಬಿಲ್ಲೆ ಹೊರಹಾಕುವುದೂ ಗೋಡೆಯಿಂದ ನುಗ್ಗುವುದೂ ಸಮ ಆಗುತ್ತದೆ. ಅಲ್ಲಿಗೆ ನಿಂತಿತು.

ಹೋದ ಬೇಸಿಗೆಯಲ್ಲಿ ಪರಿಚಯದವರೊಬ್ಬರು ಇಂಥದ್ದೇ ಡಬ್ಬಿ ತಂದಿದ್ದರು. ನನ್ನ ಅಂಗಡಿಯಲ್ಲೇ ಪರೀಕ್ಷೆ ಮಾಡಿದೆವು. ಐದು ಕೆಜಿ ಬಂಗಡೆ ಡಬ್ಬಿಗೆ ಹಾಕಿ, ನಡುವಿನ ಒಂದು ಮೀನಿನ ಹೊಟ್ಟೆಯೊಳಗೆ ಡಿಜಿಟಲ್ ಥರ್ಮಾಮೀಟರಿನ ಸೂಜಿ ಚುಚ್ಚಿಟ್ಟೆ. ಶುರುವಿನಲ್ಲಿ 29. ಚಾರ್ಜರಿನಿಂದ ಸರಿಯಾಗಿ 12 ವೋಲ್ಟ್ ಕೊಟ್ಟು ಎರಡು ಗಂಟೆ ಬಿಟ್ಟೆವು. ಸೂಜಿ ತೋರಿಸಿದ್ದು 24. ಬಿಲ್ಲೆಯ ತಣ್ಣನೆ ತಗಡಿಗೆ ಅಂಟಿದ್ದ ಎರಡು ಮೀನು ಮಾತ್ರ ಮುಟ್ಟಿದರೆ ಜಿಲ್ಲೆನ್ನುತ್ತಿದ್ದವು. ಅವನ್ನು ಮುಟ್ಟಿ ನೋಡಿಯೇ ಅವರು "ತಣ್ಣಗಾಗ್ತದೆ" ಅಂತ ನಂಬಿದ್ದು. ಪಕ್ಕದಲ್ಲಿ ಸಾದಾ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಪುಡಿ ಐಸಿನ ಜೊತೆ ಇಟ್ಟ ಬಂಗಡೆ ಒಂದು ಗಂಟೆಯೊಳಗೇ 4 ಡಿಗ್ರಿಗಿಂತ ಕೆಳಗಿಳಿದಿತ್ತು. ಡಬ್ಬಿಯಲ್ಲಿದ್ದ ಮೀನಿನ ಕಿವಿರು ಅಷ್ಟೊತ್ತಿಗೆ ಕೆಂಪು ಬಿಟ್ಟು ಕಂದು ತಿರುಗುತ್ತಿತ್ತು.

ಇಷ್ಟು ಒತ್ತಿ ಹೇಳಲು ಕಾರಣ ನಿಮ್ಮ ಬಂಗಡೆ, ತಾರ್ಲೆ. ಈ ಜಾತಿಯ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ. ಮೀನು ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡುತ್ತವೆ. ತಿಂದವರಿಗೆ ಮುಖ ಕೆಂಪಾಗುವುದು, ಬಾಯಿ ಉರಿ, ಮೈ ತುರಿಕೆ, ತಲೆನೋವು. ಕೆಲವೊಮ್ಮೆ ತಿಂದ ಸ್ವಲ್ಪ ಹೊತ್ತಿನಲ್ಲೇ ಶುರುವಾಗುತ್ತದೆ. ಜನ ಅದನ್ನು ಮೀನಿನ ಅಲರ್ಜಿ ಅಂದುಕೊಳ್ಳುತ್ತಾರೆ. ಒಮ್ಮೆ ಹಿಸ್ಟಮಿನ್ ಆಯಿತೆಂದರೆ ಹುರಿದರೂ ಹೋಗುವುದಿಲ್ಲ, ಸಾರು ಕುದಿಸಿದರೂ ಹೋಗುವುದಿಲ್ಲ. ವಾಸನೆ ನೋಡಿ ಕಂಡುಹಿಡಿಯಲೂ ಬರುವುದಿಲ್ಲ. ಇದಕ್ಕೆ ಇರುವ ಮದ್ದು ಒಂದೇ, ಹಿಡಿದಾಗಿನಿಂದ 4 ಡಿಗ್ರಿಯ ಕೆಳಗೆ ಇಡುವುದು. 20 ಡಿಗ್ರಿಯ ಡಬ್ಬಿಯಲ್ಲಿ ಬಂಗಡೆ ಮೂರು ಗಂಟೆ ಕೂತರೆ ಅದು ಸುಮ್ನೆ ರುಚಿ ಕೆಡುವ ವಿಷಯ ಅಲ್ಲ. ಘಟ್ಟದ ಮೇಲಿನ ಗಿರಾಕಿ ನಿಮ್ಮನ್ನು ನಂಬಿ ಮಕ್ಕಳಿಗೆ ಬಡಿಸುತ್ತಾರೆ.

ಈಗ ಬ್ಯಾಟರಿ ಯಾಕೆ ಕೂತಿತು ಅನ್ನುವ ವಿಷಯ. ನಿಮ್ಮ ಸೀಟಿನ ಕೆಳಗಿನ ಬ್ಯಾಟರಿಯ ಮೇಲೆ ಬರೆದದ್ದು ಓದಿ. 125 ಸಿಸಿ ಬೈಕಿನಲ್ಲಿ ಸಾಮಾನ್ಯವಾಗಿ 3 ಅಥವಾ 4 ಆಂಪಿಯರ್-ಅವರ್. 4 ಅಂತಲೇ ಇಟ್ಟುಕೊಳ್ಳೋಣ. ಇಂಥ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವುದು 2, ಎರಡು ಆಂಪಿಯರನ್ನು ಒಂದು ಗಂಟೆ ಕೊಡುವಷ್ಟು. ಡಬ್ಬಿ ಎಳೆಯುವುದು ನಾಲ್ಕೂವರೆ ಆಂಪಿಯರ್. ಅರ್ಧ ಗಂಟೆಯೂ ಬರುವುದಿಲ್ಲ. ನೀವು ಪ್ರತಿ ಮನೆಯ ಮುಂದೆ ಬೈಕ್ ಆರಿಸಿ, ತಕ್ಕಡಿ ತೆಗೆದು, ಮಾತಾಡಿ, ಚಿಲ್ಲರೆ ಕೊಟ್ಟು ಹೊರಡುವಷ್ಟರಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷವೂ ಡಬ್ಬಿ ಬ್ಯಾಟರಿಯನ್ನೇ ಹೀರುತ್ತಿರುತ್ತದೆ. ನಾಲ್ಕನೇ ಮನೆಯ ಹೊತ್ತಿಗೆ ಸೆಲ್ಫ್ ಎತ್ತುವುದಿಲ್ಲ. 2020ರ ನಂತರದ ಬಿಎಸ್6 ಬೈಕ್ ಆದರೆ ಇನ್ನೂ ಕಷ್ಟ. ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪೂ ಕರೆಂಟಿನದ್ದೇ. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿದರೂ ಅನೇಕ ಬೈಕ್ ಹೊತ್ತಿಕೊಳ್ಳುವುದಿಲ್ಲ.

ಓಡುವಾಗಲಾದರೂ ತುಂಬಿಕೊಳ್ಳಬೇಕಿತ್ತಲ್ಲ ಅಂತ ಕೇಳಬಹುದು. ಬೈಕಿನಲ್ಲಿ ಕರೆಂಟ್ ಹುಟ್ಟುವುದು ಇಂಜಿನ್ನಿನ ಪಕ್ಕದ ಮುಚ್ಚಳದೊಳಗೆ. ಅಲ್ಲಿ ಆಯಸ್ಕಾಂತದ ಚಕ್ರ ತಿರುಗುತ್ತದೆ, ನಡುವೆ ತಾಮ್ರದ ಕಾಯಿಲ್ ಸುತ್ತಿದ ಸ್ಟೇಟರ್ ಇರುತ್ತದೆ. ಅದರ ಕರೆಂಟನ್ನು ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಎಸಿಯಿಂದ ಡಿಸಿ ಮಾಡಿ ಹದಿನಾಲ್ಕು ವೋಲ್ಟಿನ ಆಸುಪಾಸಿಗೆ ಕಟ್ಟಿಹಾಕುತ್ತದೆ. 125 ಸಿಸಿ ವರ್ಗದಲ್ಲಿ ಇದು ಕೊಡುವುದು ಅಂದಾಜು ನೂರು ವ್ಯಾಟ್ ಆಚೀಚೆ. ಅದೂ ಇಂಜಿನ್ ಐದು ಸಾವಿರ ಸುತ್ತು ತಿರುಗುವಾಗ. ಐಡ್ಲಿಂಗ್‌ನಲ್ಲಿ ಅದರ ಒಂದು ಪಾಲು ಮಾತ್ರ. ಇದರಲ್ಲಿ ಹೆಡ್‌ಲೈಟ್ ಬಲ್ಬಿನದ್ದೇ 35 ವ್ಯಾಟ್. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಅದನ್ನು ಆರಿಸಲೂ ಬರುವುದಿಲ್ಲ. ಪಂಪು, ಇಂಜೆಕ್ಟರು, ಇಗ್ನಿಷನ್, ಟೇಲ್ ಲ್ಯಾಂಪು ಎಲ್ಲ ಸೇರಿ ಇನ್ನೊಂದು ನಲವತ್ತು. ಉಳಿದದ್ದು ಇಪ್ಪತ್ತೈದು. ಅದರಲ್ಲಿ 55 ವ್ಯಾಟಿನ ಡಬ್ಬಿ ಹೇಗೆ ಓಡಬೇಕು? ಕಡಿಮೆ ಬಿದ್ದದ್ದನ್ನು ಬ್ಯಾಟರಿ ತುಂಬಿಕೊಡುತ್ತದೆ, ಖಾಲಿಯಾಗುವವರೆಗೆ.

ಹಾಗಾಗಿ ದೊಡ್ಡ ಬ್ಯಾಟರಿಯಿಂದ ಉಪಯೋಗ ಇಲ್ಲ. ಹಂಡೆ ದೊಡ್ಡದು ತಂದರೆ ಬಾವಿಯ ಒರತೆ ಜಾಸ್ತಿ ಆಗುವುದಿಲ್ಲ. ನಿಮ್ಮ ಒರತೆ ಆ ಸ್ಟೇಟರ್. ದೊಡ್ಡ ಬ್ಯಾಟರಿ ಹಾಕಿದರೆ ಮೂರನೇ ದಿನ ಕೂರುವುದು ಐದನೇ ದಿನ ಕೂರುತ್ತದೆ, ಅಷ್ಟೇ.

ನಿಮ್ಮ ಬೈಕಿನಲ್ಲಿ ಎಷ್ಟು ಮಿಗುತ್ತದೆ ಅಂತ ನೀವೇ ನೋಡಬಹುದು. ಒಂದು ಮಲ್ಟಿಮೀಟರ್ ಸಾಕು, ತುಂಬಾ ದುಬಾರಿ ಅಲ್ಲ. ಡಿಸಿ 20 ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. ರಾತ್ರಿ ನಿಲ್ಲಿಸಿದ ಬೈಕ್ ಬೆಳಿಗ್ಗೆ 12.6 ತೋರಿಸಿದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಈಗ ಸ್ಟಾರ್ಟ್ ಮಾಡಿ, ನಾಲ್ಕು ಸಾವಿರ ಸುತ್ತಿಗೆ ಏರಿಸಿ. 13.8ರಿಂದ 14.5ರೊಳಗೆ ಬರಬೇಕು. ಅದೇ ಸುತ್ತಿನಲ್ಲಿ ಡಬ್ಬಿ ಚಾಲು ಮಾಡಿ ಎರಡು ನಿಮಿಷ ಕಾಯಿರಿ. 13.5ರ ಮೇಲೆ ನಿಂತರೆ ಬೈಕ್ ತಡೆದುಕೊಳ್ಳುತ್ತದೆ. 12.8ರ ಕೆಳಗೆ ಜಾರಿದರೆ ಬ್ಯಾಟರಿ ಕರಗುತ್ತಿದೆ ಅಂತಲೇ ಅರ್ಥ. ನಾನು ನೋಡಿದ ಒಂದು 125ರಲ್ಲಿ ಐಡ್ಲಿಂಗ್‌ನಲ್ಲಿ 13.1 ಇತ್ತು. ಡಬ್ಬಿ ಹಾಕಿದ ತಕ್ಷಣ 12.3ಕ್ಕೆ ಬಿತ್ತು. ಶಿರಸಿ ಪೇಟೆಯಲ್ಲಿ ಮಾರಿಕಾಂಬಾ ಜಾತ್ರೆಯ ಸಮಯದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಇದರಿಂದಲೇ ಊಹಿಸಿ. ಘಟ್ಟ ಹತ್ತುವಾಗ ಮಾತ್ರ ಎರಡು, ಮೂರನೇ ಗೇರಿನಲ್ಲಿ ಸುತ್ತು ಜಾಸ್ತಿ ಇರುವುದರಿಂದ ಚಾರ್ಜಿಂಗ್ ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ನಿಲ್ಲುವಲ್ಲಿ.

ಹಳೆಯ ಬೈಕ್ ಇಟ್ಟುಕೊಂಡಿರುವ ಓದುಗರಿಗೂ ಒಂದು ಮಾತು. ಹೆಡ್‌ಲೈಟ್ ರೇಸ್ ಕೊಟ್ಟಾಗ ಉರಿದು, ಬಿಟ್ಟಾಗ ಮಂಕಾಗುತ್ತಿತ್ತಲ್ಲ, ಅವು. ಅಲ್ಲಿ ಲೈಟಿಗೆ ಸ್ಟೇಟರಿನಿಂದ ನೇರ ಎಸಿ ಹೋಗುತ್ತದೆ. ಬ್ಯಾಟರಿಗೆ ಬರುವುದು ಇಂಡಿಕೇಟರು, ಹಾರ್ನಿಗೆ ಸಾಲುವಷ್ಟು ಮಾತ್ರ. ಅಂಥದ್ದಕ್ಕೆ ಕೂಲರ್ ಕಟ್ಟುವ ಯೋಚನೆಯೇ ಬೇಡ.

ಇನ್ನು ಆ ಸುಟ್ಟ ವಾಸನೆ. ಇಂಥ ಕ್ಲಿಪ್ ಕಟ್ಟಿದ ಬೈಕ್ ನನ್ನ ಹತ್ತಿರ ಒಂದಲ್ಲ, ಹಲವು ಬಂದಿವೆ. ಒಂದರ ಸೀಟ್ ಎತ್ತಿದಾಗ ಕಂಡದ್ದು ಹೇಳುತ್ತೇನೆ. ಕ್ಲಿಪ್ಪಿನ ಹಲ್ಲಿನ ತುಂಬಾ ಹಸಿರು ಪುಡಿ, ಉಪ್ಪು ಗಾಳಿಗೆ ತಾಮ್ರ ತಿಂದು ಹೋದದ್ದು. ಹತ್ತು ಎಳೆಯಲ್ಲಿ ಹಿಡಿದುಕೊಂಡಿದ್ದವು ಮೂರು. ಅಷ್ಟೇ ಜಾಗದಲ್ಲಿ ಐದು ಆಂಪಿಯರ್ ನುಗ್ಗಿ ಬಿಸಿಯಾಗಿ, ವೈರಿನ ಪ್ಲಾಸ್ಟಿಕ್ ಕರಗಿ ಫ್ರೇಮಿಗೆ ಮೇಣದ ಹಾಗೆ ಅಂಟಿತ್ತು. ಬೆರಳಿನಿಂದ ಎಬ್ಬಿಸಿದರೆ ಒಳಗಿನ ತಾಮ್ರ ಕಪ್ಪಾಗಿತ್ತು. ಫ್ಯೂಸ್ ಇರಲಿಲ್ಲ. ಆ ತಾಮ್ರ ಫ್ರೇಮಿಗೆ ತಾಗಿದ್ದರೆ ಇಡೀ ಬ್ಯಾಟರಿಯ ಶಕ್ತಿ ಆ ವೈರಿನಲ್ಲೇ ಉರಿಯುತ್ತಿತ್ತು. ನಿಮ್ಮದೂ ಇದೇ ಇರಬೇಕು.

ಹಾಗಾದರೆ ಸರಿಯಾದ ವೈರಿಂಗ್ ಯಾವುದು? ನಿಮ್ಮ 125ಕ್ಕೆ ಬೇಡ ಅಂತಲೇ ನನ್ನ ಸಲಹೆ. ಆದರೆ 350 ಸಿಸಿ, ಅದಕ್ಕೂ ಮೇಲಿನ ಬೈಕ್ ಇದ್ದವರು, ಮೇಲಿನ ಮೀಟರ್ ಪರೀಕ್ಷೆಯಲ್ಲಿ ಪಾಸಾದವರು ಹೀಗೆ ಮಾಡಬಹುದು. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೇ 10 ಆಂಪಿಯರಿನ ಬ್ಲೇಡ್ ಫ್ಯೂಸ್ ಕೂರಿಸಿ. ಫ್ಯೂಸ್ ಇರುವುದು ಡಬ್ಬಿಗಾಗಿ ಅಲ್ಲ, ವೈರಿಗಾಗಿ. ಅದಕ್ಕೇ ಅದು ಬ್ಯಾಟರಿಯ ಹತ್ತಿರ ಇರಬೇಕು, ಆಚೆ ತುದಿಯಲ್ಲಿ ಅಲ್ಲ. ಅಲ್ಲಿಂದ ನಾಲ್ಕು ಪಿನ್ನಿನ 12 ವೋಲ್ಟ್ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) 30ನೇ ಪಿನ್ನಿಗೆ. 87ರಿಂದ ಡಬ್ಬಿಯ ಸಾಕೆಟ್ಟಿಗೆ. 86ಕ್ಕೆ ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಒಂದು ತೆಳು ವೈರು, 85 ಅರ್ಥಿಂಗಿಗೆ, ಅಂದರೆ ಮೈನಸ್‌ಗೆ. ಡಬ್ಬಿಯ ಮೈನಸ್ಸನ್ನು ಫ್ರೇಮಿಗೆ ಕಟ್ಟಬೇಡಿ. ಬೇರೆ ವೈರಿನಲ್ಲಿ ಬ್ಯಾಟರಿಯ ಮೈನಸ್‌ಗೇ ತನ್ನಿ. ನಮ್ಮ ಕರಾವಳಿಯಲ್ಲಿ ಫ್ರೇಮಿನ ಬೋಲ್ಟು ತುಕ್ಕು ಹಿಡಿಯದೆ ಒಂದು ಮಳೆಗಾಲ ದಾಟುವುದಿಲ್ಲ.

ವೈರು ಎರಡೂವರೆ ಚದರ ಮಿಲಿಮೀಟರಿನದ್ದು ಹಾಕಿ. ಸಿಕ್ಕಿದ ಅರ್ಧ ಎಂಎಂ ವೈರಿನಲ್ಲಿ, ಹೋಗಿ ಬರುವ ನಾಲ್ಕು ಮೀಟರಿಗೆ, ಐದು ಆಂಪಿಯರಿನಲ್ಲಿ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಎರಡೂವರೆಯಲ್ಲಿ ಹೋಗುವುದು ಅದರ ಐದನೇ ಒಂದು ಭಾಗ. ತವರ ಲೇಪಿಸಿದ ತಾಮ್ರ ಸಿಕ್ಕಿದರೆ ಅದನ್ನೇ ತಗೊಳ್ಳಿ, ದೋಣಿಗೆ ಹಾಕುವುದು ಅದನ್ನೇ. ತುದಿಗಳನ್ನು ಸುತ್ತಿ ಟೇಪ್ ಹಚ್ಚುವ ಪದ್ಧತಿ ಬಿಡಿ. ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ಕೊಂಡಿ) ಹಾಕಿ ಕ್ರಿಂಪ್ ಮಾಡಿ, ಅಂದರೆ ಒತ್ತಿ ಬಿಗಿ ಮಾಡಿ, ಮೇಲೆ ಬಿಸಿ ಕೊಟ್ಟರೆ ಕುಗ್ಗಿ ಕಚ್ಚಿಕೊಳ್ಳುವ ಹೀಟ್ ಶ್ರಿಂಕ್ ಕೊಳವೆ, ಬ್ಯಾಟರಿ ತುದಿಗೆ ಸ್ವಲ್ಪ ವ್ಯಾಸಲಿನ್. ಕಾರಿನ ಸಿಗರೇಟ್ ಸಾಕೆಟ್ ಬೈಕಿಗೆ ಒಗ್ಗುವುದಿಲ್ಲ. ಕುಲುಕಿದಾಗ ಸಡಿಲಾಗುತ್ತದೆ, ಸಡಿಲಾದರೆ ಬಿಸಿಯಾಗುತ್ತದೆ. ಒತ್ತಿದರೆ ಕಚ್ಚಿಕೊಳ್ಳುವ, ನೀರು ತಾಗದ ಕನೆಕ್ಟರ್ ಹಾಕಿ. ಹ್ಯಾಂಡಲಿನ ಮೊಬೈಲ್ ಚಾರ್ಜಿಂಗ್ ಪಾಯಿಂಟಿನಿಂದ ಕೂಲರ್ ಓಡುತ್ತದೆಯೇ ಅಂತ ಕೆಲವರು ಕೇಳುತ್ತಾರೆ. ಓಡುವುದಿಲ್ಲ, ಅದು ಹತ್ತು ಹದಿನೈದು ವ್ಯಾಟಿನದ್ದು. ಹೆಡ್‌ಲೈಟ್ ವೈರಿನಿಂದ ಕರೆಂಟ್ ಕದಿಯುವುದಂತೂ ಬೇಡವೇ ಬೇಡ. ರಾತ್ರಿ ಘಟ್ಟದಲ್ಲಿ ಫ್ಯೂಸ್ ಹೋದರೆ ಕಣ್ಣೇ ಹೋದ ಹಾಗೆ.

ಬರೀ ಕೀ ನಂಬಿದರೆ ಸಾಲದು. ಕೀ ಆನ್ ಇಟ್ಟು ಇಂಜಿನ್ ಆರಿಸುವ ಅಭ್ಯಾಸ ಎಲ್ಲರಿಗೂ ಇದೆ. ಅದಕ್ಕೆ ವೋಲ್ಟೇಜ್ ನೋಡಿ ಕತ್ತರಿಸುವ ಸಣ್ಣ ಮಾಡ್ಯೂಲ್ ಒಂದನ್ನು ರಿಲೇಗೆ ಸೇರಿಸಿ. 13.3 ಆದಾಗ ಹಾಕು, 12.8ಕ್ಕೆ ಇಳಿದರೆ ತೆಗೆ ಅಂತ ಹೊಂದಿಸಿಟ್ಟರೆ, ಇಂಜಿನ್ ನಿಜವಾಗಿ ಚಾರ್ಜ್ ಮಾಡುವಾಗ ಮಾತ್ರ ಡಬ್ಬಿ ಓಡುತ್ತದೆ. ಬೈಕ್ ವಾರಂಟಿಯಲ್ಲಿದ್ದರೆ ಹೊರಗಿನ ವೈರಿಂಗ್ ಮಾಡುವ ಮುಂಚೆ ಸರ್ವಿಸ್ ಸೆಂಟರಿನಲ್ಲಿ ಕೇಳಿಕೊಳ್ಳಿ.

ಇದಕ್ಕಿಂತ ನನಗೆ ಹಿಡಿಸುವ ದಾರಿ ಇನ್ನೊಂದಿದೆ. ಬೈಕಿನ ಕರೆಂಟಿಗೆ ಕೈ ಹಾಕದೆ, ಬೇರೆ ಬ್ಯಾಟರಿಯನ್ನೇ ಹೊತ್ತೊಯ್ಯುವುದು. 12.8 ವೋಲ್ಟಿನ, 20 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡೂವರೆ, ಮೂರು ಕೆಜಿ ತೂಗುತ್ತದೆ. ಅಷ್ಟೇ ಸಾಮರ್ಥ್ಯದ ಲೆಡ್ ಬ್ಯಾಟರಿ ಅದರ ಎರಡು ಪಟ್ಟಿಗಿಂತ ಭಾರ. ರಾತ್ರಿ ಮನೆಯಲ್ಲಿ ಅದರದ್ದೇ ಚಾರ್ಜರಿನಲ್ಲಿ ತುಂಬಿಸಿ, ಬೆಳಿಗ್ಗೆ ಪೆಟ್ಟಿಗೆಯ ಪಕ್ಕ ಕಟ್ಟಿಕೊಳ್ಳಿ. ಇಲ್ಲೂ ಫ್ಯೂಸ್ ಬೇಕು. ಇದನ್ನು ಬೈಕಿನ ಲೆಡ್ ಬ್ಯಾಟರಿಗೆ ನೇರ ಜೋಡಿಸಬಾರದು. ಎರಡರ ಗುಣ ಬೇರೆ, ಒಂದಕ್ಕೊಂದು ಆಗುವುದಿಲ್ಲ. ಡಬ್ಬಿ ಎಷ್ಟೇ ಹೀರಿದರೂ ನಿಮ್ಮ ಸೆಲ್ಫ್ ಎತ್ತುತ್ತದೆ. ದೇವಿಮನೆಯ ತಿರುವಿನಲ್ಲಿ ಮಳೆಯಲ್ಲಿ ನಿಲ್ಲುವ ಗತಿ ಬರುವುದಿಲ್ಲ.

ಆ ಬ್ಯಾಟರಿಗೆ ಸರಿಯಾದ ಜೋಡಿ ಕಂಪ್ರೆಸರ್ ಇರುವ ಸಣ್ಣ ಫ್ರಿಜ್. ಅದೂ 45-60 ವ್ಯಾಟ್ ಎಳೆಯುತ್ತದೆ. ಆದರೆ ತಣ್ಣಗಾದ ಮೇಲೆ ನಿಂತು ನಿಂತು ಓಡುವುದರಿಂದ ಸರಾಸರಿ ಎರಡು ಆಂಪಿಯರ್ ಆಸುಪಾಸು. ಬೇಕಾದರೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ತೂಕ ಹತ್ತರಿಂದ ಹದಿನೈದು ಕೆಜಿ, ಬೆಲೆ ಪೆಲ್ಟಿಯರಿಗಿಂತ ಬಹಳ ಜಾಸ್ತಿ. ಕ್ಯಾಂಪಿಂಗ್ ಹೋಗುವವರಿಗೆ, ಹಾಲು, ಐಸ್‌ಕ್ರೀಂ ಒಯ್ಯುವವರಿಗೆ ಯೋಗ್ಯ. ಆದರೆ ಇದೂ ಇರುವ ತಂಪನ್ನು ಕಾಯುತ್ತದೆ, ಬಿಸಿ ಮೀನನ್ನು ಬೇಗ ತಣಿಸುವುದಿಲ್ಲ. ಎರಡು ಗಂಟೆಯ ದಾರಿಯಲ್ಲಿ ಅದು ಮಾಡುವ ಕೆಲಸ ಒಂದು, ಒಂದೂವರೆ ಕೆಜಿ ಐಸಿನಷ್ಟು. ಹದಿನೈದು ಕೆಜಿ ಯಂತ್ರ ಹೊತ್ತು ಒಂದೂವರೆ ಕೆಜಿ ಐಸಿನ ಕೆಲಸ ಮಾಡಿಸುವ ಬದಲು ಐಸನ್ನೇ ಹೊರುವುದು ಮೇಲು ಅಲ್ವಾ?

ನಿಮ್ಮ ನಿಜವಾದ ತೊಂದರೆ ಐಸಿನ ಖರ್ಚು ಮತ್ತು ಸೋರುವ ನೀರು. ಅವೆರಡೂ ಪೆಟ್ಟಿಗೆಯಲ್ಲಿ ಸರಿಹೋಗುತ್ತವೆ. ಈಗ ಎಲ್ಲರೂ ಬಳಸುವ 40 ಲೀಟರಿನ, ಒಂದು ಇಂಚು ಥರ್ಮೋಕೋಲಿನ ಪೆಟ್ಟಿಗೆಯನ್ನೇ ಉದಾಹರಣೆಗೆ ತಗೊಳ್ಳಿ. ಬೇಸಿಗೆಯಲ್ಲಿ ಅದರ ಗೋಡೆಯಿಂದ 30 ವ್ಯಾಟಿನಷ್ಟು ಬಿಸಿ ನುಗ್ಗುತ್ತದೆ. ಮೂರು ಗಂಟೆಗೆ ಒಂದು ಕೆಜಿ ಐಸ್ ಸುಮ್ನೆ ಗೋಡೆಗೇ ಹೋಯಿತು. ಎರಡು ಇಂಚು ಮಾಡಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಹೊರಗೆ ಪ್ಲಾಸ್ಟಿಕ್ ಕ್ರೇಟು, ಒಳಗೆ ಎರಡು ಇಂಚಿನ ಥರ್ಮೋಕೋಲ್ ಹಾಳೆ, ಅದರೊಳಗೆ ತೊಳೆಯಲು ಬರುವ ಇನ್ನೊಂದು ಪ್ಲಾಸ್ಟಿಕ್ ಡಬ್ಬಿ, ಹೀಗೆ ಕೂರಿಸಿ. ಮುಚ್ಚಳದ ಅಂಚಿಗೆ ಫ್ರಿಜ್ ಬಾಗಿಲಿಗೆ ಹಾಕುವಂಥ ರಬ್ಬರ್ ಬೀಡಿಂಗ್. ಮೇಲೆ ಬಿಳಿ ಬಟ್ಟೆಯನ್ನೋ ಬಿಳಿ ಬಣ್ಣವನ್ನೋ ಹಾಕಿ, ಕಪ್ಪು ಟಾರ್ಪಾಲು ಬಿಸಿಲು ಕುಡಿಯುತ್ತದೆ.

ಐಸನ್ನು ಸಣ್ಣಗೆ ಪುಡಿ ಮಾಡಿ. ದೊಡ್ಡ ಗಡ್ಡೆ ಮೀನಿಗೆ ತಾಗುವುದೇ ಕಡಿಮೆ, ಜೊತೆಗೆ ಕುಲುಕಾಟದಲ್ಲಿ ಚುಚ್ಚಿ ಹೊಟ್ಟೆ ಒಡೆಯುತ್ತದೆ. ಅಡಿಗೆ ಐಸ್, ಮೇಲೆ ಒಂದು ವರಸೆ ಮೀನು, ಮತ್ತೆ ಐಸ್, ಕೊನೆಗೆ ಮೇಲೂ ಐಸ್. ಮೀನಿಗೆ ಮೀನು ಅಂಟಿಕೊಂಡು ಗುಡ್ಡೆಯಾಗಬಾರದು. 15 ಕೆಜಿಗೆ ಎರಡು ಇಂಚಿನ ಪೆಟ್ಟಿಗೆಯಲ್ಲಿ ಎಂಟು ಕೆಜಿ ಐಸ್ ಮಧ್ಯಾಹ್ನದವರೆಗೆ ಬರಬೇಕು. ತಣಿಸಲು ನಾಲ್ಕು ಚಿಲ್ಲರೆ, ಗೋಡೆಗೆ ಒಂದು, ಪದೇ ಪದೇ ಮುಚ್ಚಳ ತೆಗೆಯುವುದಕ್ಕೆ ಉಳಿದದ್ದು. ಮಾರ್ಚ್‌ನಿಂದ ಮೇವರೆಗೆ, ಅಥವಾ ಸಂಜೆವರೆಗೆ ಮಾರುವುದಿದ್ದರೆ, ಮೀನೆಷ್ಟೋ ಐಸೂ ಅಷ್ಟೇ. ಆಗ 40 ಲೀಟರಿನಲ್ಲಿ ಬಿಗಿಯಾಗುತ್ತದೆ, ಎರಡು ಪೆಟ್ಟಿಗೆ ಮಾಡಿ ಎರಡೂ ಬದಿಗೆ ಕಟ್ಟಿ. ಒಂದನ್ನು ಮಾರುವಾಗ ಇನ್ನೊಂದರ ಮುಚ್ಚಳ ತೆಗೆಯುವುದೇ ಬೇಡ. ತಿರುವಿನಲ್ಲಿ ಬೈಕೂ ಹದವಾಗಿ ನಿಲ್ಲುತ್ತದೆ.

ನೀರಿಗೆ ಒಳಡಬ್ಬಿಯ ಅಡಿ ಮೂಲೆಯಲ್ಲಿ ಒಂದು ನಲ್ಲಿ, ಅದಕ್ಕೆ ಪೈಪು, ಪೈಪಿನ ತುದಿಗೆ ಎರಡು ಲೀಟರಿನ ಕ್ಯಾನು. ಮೀನಿನ ನೀರು ಪೆಟ್ಟಿಗೆಯಲ್ಲೇ ನಿಂತರೆ ಅಡಿಯ ಮೀನು ಬೇಗ ಹಾಳು. ರಸ್ತೆಗೆ ಬಿಟ್ಟರೆ ನಿಮ್ಮದೇ ಹಿಂದಿನ ಟೈರಿಗೂ ಬ್ರೇಕಿಗೂ ಬೀಳುತ್ತದೆ. ಅದು ಉಪ್ಪು ಮತ್ತು ಜಿಡ್ಡು ಸೇರಿದ ನೀರು. ಚೈನನ್ನು ತಿನ್ನುತ್ತದೆ, ಟೈರ್ ಜಾರಿಸುತ್ತದೆ. ಕ್ಯಾನು ತುಂಬಿದಾಗ ಬಾವಿ, ಹಳ್ಳದಿಂದ ದೂರ ಮಣ್ಣಿಗೆ ಚೆಲ್ಲಿ.

ಕರೆಂಟಿಲ್ಲದ ಪೆಟ್ಟಿಗೆ ಅಂದರೆ ಹಳೆ ಕಾಲದ್ದು ಅಂತ ಅನ್ನಿಸಬಹುದು. ಪಲ್ಸ್ ಪೋಲಿಯೋ ದಿನ ಆರೋಗ್ಯ ಕಾರ್ಯಕರ್ತೆಯರು ಹೆಗಲಿಗೆ ಹಾಕಿಕೊಂಡು ಬರುವ ಲಸಿಕೆ ಪೆಟ್ಟಿಗೆ ನೆನಪಿಸಿಕೊಳ್ಳಿ. ಅದರೊಳಗೆ ನಾಲ್ಕು ಐಸ್ ಪ್ಯಾಕ್, ದಪ್ಪ ಗೋಡೆ, ಬಿಗಿ ಮುಚ್ಚಳ, ಇಷ್ಟೇ. ಮೋಟಾರಿಲ್ಲ, ಬ್ಯಾಟರಿಯಿಲ್ಲ. ಇದನ್ನು ಹೇಳಿದ್ದಕ್ಕೆ ಇನ್ಸುಲಿನ್ ಒಯ್ಯುವವರಿಗೂ ಒಂದು ಮಾತು. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಪೆಲ್ಟಿಯರ್ ಡಬ್ಬಿ ಬೇಸಿಗೆಯಲ್ಲಿ ಅಷ್ಟು ಕೆಳಗೆ ಬರುವುದಿಲ್ಲ. ಐಸ್ ಪ್ಯಾಕನ್ನು ನೇರ ತಾಗಿಸಿಯೂ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಪ್ಯಾಕ್ ಹೊರಗೆ ಇಟ್ಟು, ಮೇಲೆ ಬೆವರು ಮೂಡಿದ ಮೇಲೆ, ಬಟ್ಟೆ ಸುತ್ತಿ ಇಡಿ.

ಕೊನೆಗೆ ನಿಮ್ಮ ಡಬ್ಬಿ. ಅದನ್ನು ಐಸ್ ಪೆಟ್ಟಿಗೆಯಾಗಿ ಬಳಸಬೇಡಿ. ಕರೆಂಟ್ ನಿಂತ ಕೂಡಲೇ ಆ ಬಿಲ್ಲೆಯೇ ಹೊರಗಿನ ಬಿಸಿಯನ್ನು ಒಳಗೆ ಕರೆದು ತರುವ ಸೇತುವೆ ಆಗುತ್ತದೆ. ಹಾಗಾಗಿ ಅದು ಸಾದಾ ಥರ್ಮೋಕೋಲ್ ಪೆಟ್ಟಿಗೆಗಿಂತ ಬೇಗ ಬೆಚ್ಚಗಾಗುತ್ತದೆ. ಮೀನಿನ ನೀರು ಫ್ಯಾನಿಗೆ ಇಳಿದರೆ ಅದೂ ಹೋಯಿತು. ಇಂಥ ಡಬ್ಬಿಯ ಜೊತೆ ಮನೆಯ ಕರೆಂಟಿಗೆ ಹಾಕುವ ಅಡಾಪ್ಟರ್ ಬಂದಿದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ 12 ವೋಲ್ಟ್, 6 ಆಂಪಿಯರಿನದ್ದು ಒಂದು ತಗೊಂಡು, ಮನೆಯಲ್ಲಿಟ್ಟುಕೊಳ್ಳಿ. ಹಿಂದೆ ಒಂದು ಗೇಣು ಜಾಗ ಬಿಟ್ಟು, ಫ್ಯಾನಿಗೆ ಗಾಳಿ ಆಡುವ ಹಾಗೆ ಇಡಿ. ಮೊದಲೇ ತಣ್ಣಗಿರುವ ಮಜ್ಜಿಗೆ, ಕೋಕಂ ಶರಬತ್ತು, ನೀರಿನ ಬಾಟಲಿ ತಣ್ಣಗೇ ಉಳಿಯುತ್ತವೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಂತಿರುತ್ತದೆ ಅಲ್ವಾ, ಆಗ ನಿಮಗೂ ಸ್ವಲ್ಪ ಬಿಡುವು. ಹೊಸ ಪೆಟ್ಟಿಗೆ ಕಟ್ಟುವ ಕೆಲಸ ಆ ಎರಡು ತಿಂಗಳಲ್ಲಿ ಇಟ್ಟುಕೊಳ್ಳಿ. ಸುಟ್ಟ ವೈರು ತಾಗಿದ ಜಾಗದಲ್ಲಿ ಬೈಕಿನ ಮೂಲ ವೈರಿಂಗ್ ಕರಗಿದೆಯೇ ಅಂತ ನೋಡಿಸುವುದನ್ನು ಮಾತ್ರ ಅಲ್ಲಿವರೆಗೆ ಕಾಯಿಸಬೇಡಿ, ಈ ವಾರವೇ ಸೀಟ್ ಬಿಚ್ಚಿಸಿ.